ಕೆಂಪುಬಾಲದ ಕ್ಯಾಟ್‌ಫಿಶ್: ಕಲಬುರಗಿಯ ನೀರು, ಬೇಸಿಗೆ ಮತ್ತು ತೊಟ್ಟಿಯ ಅಳತೆಯ ಬಗ್ಗೆ ಸಲಹೆ ಬೇಕು

ಬೆಣ್ಣೆತೊರೆ_ಕಲಬುರಗಿ (ಪ್ರಶ್ನೆ)

ಎಲ್ಲರಿಗೂ ಶರಣು. ನಮ್ಮ ಓಣಿಯಲ್ಲಿ ಬಾಡಿಗೆಗಿದ್ದ ಕುಟುಂಬವೊಂದು ವರ್ಗಾವಣೆಯಾಗಿ ಬೇರೆ ಊರಿಗೆ ಹೋಗುವಾಗ ತಮ್ಮ ಮೀನಿನ ತೊಟ್ಟಿಯನ್ನು, ಅದರಲ್ಲಿದ್ದ ಒಂಟಿ ಕೆಂಪುಬಾಲದ ಕ್ಯಾಟ್‌ಫಿಶ್ ಸಮೇತ, ನಮ್ಮ ಮನೆಯಲ್ಲಿ ಬಿಟ್ಟು ಹೋಗಿದೆ. ತೊಟ್ಟಿ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರವಿದೆ. ಮೀನು ಈಗಾಗಲೇ ಒಂದೂವರೆ ಗೇಣು ಉದ್ದವಾಗಿದೆ. ಅಂಗಡಿಯವರು ‘ತೊಟ್ಟಿ ಎಷ್ಟಿದೆಯೋ ಅಷ್ಟಕ್ಕೇ ಬೆಳೆಯುತ್ತದೆ’ ಎಂದು ಹೇಳಿದ್ದರಂತೆ. ಅದು ನಿಜವೇ ಎಂಬುದು ನನ್ನ ಮೊದಲ ಪ್ರಶ್ನೆ.

ಹಗಲೆಲ್ಲ ಅದು ಫಿಲ್ಟರಿನ ಹಿಂದೆ ಮೂಲೆಗೆ ಮೂತಿ ಒತ್ತಿಕೊಂಡು ಅಲುಗಾಡದೆ ಬಿದ್ದಿರುತ್ತದೆ. ರಾತ್ರಿ ದೀಪ ಆರಿಸಿದ ಮೇಲೆ ಮೊದಲು ಮೀಸೆಗಳು ಹೊರಬಂದು ಗಾಜನ್ನೂ ತಳವನ್ನೂ ತಡವುತ್ತವೆ, ಆಮೇಲೆ ಮೈ ಹೊರಡುತ್ತದೆ. ಅವರು ದಿನಾಲೂ ಕೋಳಿಯ ಪಿತ್ತಜನಕಾಂಗದ ಚೂರು ಹಾಕುತ್ತಿದ್ದರು, ನಾನೂ ಅದನ್ನೇ ಮುಂದುವರಿಸಿದ್ದೇನೆ. ಆದರೆ ಬಿಸಿಲು ಏರಿದ ಮೇಲೆ ಮೀನು ಮೇವು ಮುಟ್ಟುವುದು ಕಡಿಮೆಯಾಗಿದೆ, ಕಿವಿರು ಬೇಗ ಬೇಗ ಆಡುತ್ತಿದೆ. ತೊಟ್ಟಿ ಇರುವುದು ಮೇಲಿನ ಮಹಡಿಯ ಕೋಣೆಯಲ್ಲಿ. ನೀರು ಬೋರ್‌ವೆಲ್ಲಿನದು. ತಳದಲ್ಲಿ ಅಲಂಕಾರಕ್ಕೆಂದು ಶಹಾಬಾದ ಪರ್ಸಿಯ (ಹಾಸುಗಲ್ಲಿನ) ತುಂಡುಗಳನ್ನು ಜೋಡಿಸಿದ್ದಾರೆ.

ಈ ಮೀನಿನ ಮೂಲ ಸ್ವಭಾವವೇನು, ಇದಕ್ಕೆ ನಿಜವಾಗಿ ಎಷ್ಟು ಜಾಗ ಬೇಕು, ಯಾವ ಆಹಾರ ಕೊಡಬೇಕು? ಮನೆಯ ಹಿರಿಯರು ಗಾಣಗಾಪುರದ ಸಂಗಮದಲ್ಲಿಯೋ ಅಪ್ಪನ ಕೆರೆಯಲ್ಲಿಯೋ ಬಿಟ್ಟರೆ ಪುಣ್ಯ ಬರುತ್ತದೆ ಎನ್ನುತ್ತಿದ್ದಾರೆ. ಜೇವರ್ಗಿ ಹತ್ತಿರ ನಮ್ಮ ಸೋದರಮಾವನವರ ಹೊಲದಲ್ಲಿ ಕೃಷಿಹೊಂಡವೂ ಇದೆ. ತಿಳಿದವರು ವಿವರವಾಗಿ ತಿಳಿಸಬೇಕೆಂದು ವಿನಂತಿ.

ಭೀಮಾತೀರ_ಯಾದಗಿರಿ

ಅಕ್ಕಾವರೇ, ಶರಣು. ಅಂಗಡಿಯವರ ಮಾತು ನಿಜವಲ್ಲ. ತೊಟ್ಟಿ ಚಿಕ್ಕದೆಂದು ಮೀನು ಚಿಕ್ಕದಾಗಿ, ಆರೋಗ್ಯವಾಗಿ ಉಳಿಯುವುದಿಲ್ಲ. ಕೊಳೆತ ನೀರಿನಲ್ಲಿ, ತಿರುಗಲು ಜಾಗವಿಲ್ಲದೆ, ಬೆನ್ನುಮೂಳೆ ಡೊಂಕಾಗಿ ಕುಗ್ಗಿ ಬೆಳೆಯುತ್ತದೆ, ಬದುಕಬೇಕಾದ ವರ್ಷಗಳಿಗಿಂತ ಬಹಳ ಮೊದಲೇ ಸಾಯುತ್ತದೆ. ಹೊರಗಿನವರಿಗೆ ಮಾತ್ರ ಅದು ‘ತೊಟ್ಟಿಗೆ ಹೊಂದಿಕೊಂಡ’ ಹಾಗೆ ಕಾಣುತ್ತದೆ.

ಈ ಮೀನನ್ನು ಅರ್ಥಮಾಡಿಕೊಳ್ಳಬೇಕಾದರೆ ಅದರ ತವರನ್ನು ನೋಡಬೇಕು. ಇದರ ಶಾಸ್ತ್ರೀಯ ಹೆಸರು ಫ್ರಾಕ್ಟೊಸೆಫಾಲಸ್ ಹೆಮಿಯೊಲಿಯೊಪ್ಟೆರಸ್; 1801ರಲ್ಲಿ ಇದನ್ನು ಶಾಸ್ತ್ರೀಯವಾಗಿ ವಿವರಿಸಲಾಯಿತು. ದಕ್ಷಿಣ ಅಮೆರಿಕದ ಅಮೆಜಾನ್, ಒರಿನೊಕೊ ಮತ್ತು ಎಸೆಕ್ವಿಬೊ ನದಿಗಳ ಜಲಾನಯನ ಪ್ರದೇಶವೇ ಇದರ ನೆಲೆ, ಬ್ರೆಜಿಲ್ಲಿನವರು ಇದನ್ನು ಪಿರರಾರ ಎಂದು ಕರೆಯುತ್ತಾರೆ. ಈ ಕುಲದಲ್ಲಿ ಇಂದು ಬದುಕಿರುವ ಪ್ರಭೇದ ಇದೊಂದೇ. ಇದರ ದಾಯಾದಿಗಳು ವೆನೆಜುವೆಲಾದ ಉರುಮಾಕೊ ಪ್ರದೇಶದ ಮಯೋಸೀನ್ ಕಾಲದ ಶಿಲೆಗಳಲ್ಲಿ ಪಳೆಯುಳಿಕೆಗಳಾಗಿ ಸಿಕ್ಕಿವೆ, ಅಂದರೆ ಈ ವಂಶ ಲಕ್ಷಾಂತರ ವರ್ಷಗಳಿಂದ ಆ ದೊಡ್ಡ ನದಿಗಳಲ್ಲೇ ಬಾಳಿಕೊಂಡು ಬಂದಿದೆ. ನಿಮ್ಮ ಮೀನಿನ ತಲೆಯನ್ನು ಹತ್ತಿರದಿಂದ ನೋಡಿದರೆ ನೆತ್ತಿಯ ಮೂಳೆಯ ಮೇಲೆ ಒರಟಾದ ಗುಳಿ-ಉಬ್ಬುಗಳೂ, ಬೆನ್ನುರೆಕ್ಕೆಯ ಮುಂದೆ ಗಟ್ಟಿಯಾದ ಮೂಳೆಯ ಫಲಕವೊಂದೂ ಕಾಣುತ್ತವೆ.

ಅಮೆಜಾನಿನ ಮಧ್ಯಭಾಗದಲ್ಲಿ ನದಿಯ ಮಟ್ಟ ಪ್ರತಿ ವರ್ಷ ಸುಮಾರು 10 ಮೀಟರಿನಷ್ಟು ಏರಿ ಇಳಿಯುತ್ತದೆ. ನೀರು ಏರಿದಾಗ ಸುತ್ತಲಿನ ಕಾಡು ತಿಂಗಳುಗಟ್ಟಲೆ ಮುಳುಗಿರುತ್ತದೆ, ಮರಗಳ ಹಣ್ಣುಗಳು ನೇರವಾಗಿ ನೀರಿಗೇ ಉದುರುತ್ತವೆ. ಕೆಂಪುಬಾಲದ ಕ್ಯಾಟ್‌ಫಿಶ್ ಆಗ ಕಾಡಿನೊಳಕ್ಕೆ ಈಜಿಕೊಂಡು ಹೋಗಿ ಮೀನು, ಏಡಿಗಳ ಜೊತೆಗೆ ಆ ಹಣ್ಣುಗಳನ್ನೂ ನುಂಗುತ್ತದೆ. ಇಷ್ಟು ದೊಡ್ಡ ಬೇಟೆಮೀನು ಹಣ್ಣು ತಿನ್ನುತ್ತದೆ ಎಂಬುದನ್ನು ಸಾಕುವವರಲ್ಲಿ ಬಹಳ ಮಂದಿ ಕೇಳಿಯೇ ಇರುವುದಿಲ್ಲ, ನನಗೆ ಮಾತ್ರ ಈ ಮೀನಿನ ವಿಷಯದಲ್ಲಿ ಎಲ್ಲಕ್ಕಿಂತ ಪ್ರಿಯವಾದ ಸಂಗತಿ ಅದೇ. ನೀರು ಇಳಿದ ಮೇಲೆ ಸಿಗುವ ಆಹಾರ ಬೇರೆ. ಸಿಕ್ಕಾಗ ಹೊಟ್ಟೆ ಬಿರಿಯುವಷ್ಟು ನುಂಗಿ ಮುಂದೆ ಹಲವು ದಿನ ತಳದಲ್ಲಿ ಸುಮ್ಮನೆ ಬಿದ್ದಿರುವುದು ಇದರ ಕ್ರಮ. ದಿನಾಲೂ ಮೇವು ಹಾಕಿದರೆ ದಿನಾಲೂ ತಿನ್ನುತ್ತದೆ. ಅದಕ್ಕೆ ಹಸಿವೆಂದು ಅರ್ಥವಲ್ಲ, ಸಿಕ್ಕಿದ್ದನ್ನು ಬಿಡಬಾರದೆಂಬುದು ಅದರ ಹುಟ್ಟುಗುಣ.

ತವರಿನ ನದಿಗಳಲ್ಲಿ ಇದು ಒಂದು ಮೀಟರು ಮೀರಿ ಬೆಳೆಯುತ್ತದೆ, 50 ಕೆಜಿಗೂ ಹೆಚ್ಚು ತೂಗಿದ ಮೀನುಗಳು ಗಾಳಕ್ಕೆ ಸಿಕ್ಕಿವೆ. ಚೆನ್ನಾಗಿ ಸಾಕಿದರೆ ಮೊದಲ ವರ್ಷದಲ್ಲೇ ಒಂದು ಅಡಿ ದಾಟುವುದು ಸಾಮಾನ್ಯ, ಆಯುಷ್ಯ 15 ವರ್ಷಕ್ಕೂ ಮಿಗಿಲು. ಅಂಗಡಿಗಳಲ್ಲಿ ಬೆರಳುದ್ದದ ಮರಿಯಾಗಿ, ಬಿಳಿ ಪಟ್ಟೆ ಮತ್ತು ಕೆಂಪು ಬಾಲದ ಚೆಂದಕ್ಕೆ ಮಾರಾಟವಾಗುವಾಗ ಈ ಯಾವ ಮಾತನ್ನೂ ಕೊಳ್ಳುವವರಿಗೆ ಹೇಳುವುದಿಲ್ಲ.

ಜಾಗದ ಲೆಕ್ಕ ಹೀಗಿದೆ. ನಿಮ್ಮ ತೊಟ್ಟಿ ಅಂಚಿನವರೆಗೆ ತುಂಬಿದರೂ ಸುಮಾರು 190 ಲೀಟರು ಹಿಡಿಯುತ್ತದೆ. ಬೆಳೆದ ಮೀನು ಸಲೀಸಾಗಿ ಮೈ ತಿರುಗಿಸಬೇಕಾದರೆ ತೊಟ್ಟಿಯ ಅಗಲ ಮೀನಿನ ಉದ್ದಕ್ಕಿಂತ ಹೆಚ್ಚಿರಬೇಕು, ಉದ್ದ ಅದರ ಎರಡು-ಮೂರು ಪಟ್ಟು ಇರಬೇಕು. ಅಂದರೆ ಕನಿಷ್ಠವೆಂದರೂ ಹತ್ತು ಅಡಿ ಉದ್ದ, ಆರು ಅಡಿ ಅಗಲ, ಮೂರು ಅಡಿ ಆಳ ಬೇಕಾಗುತ್ತದೆ. ಅದರಲ್ಲಿ 5,000 ಲೀಟರಿಗಿಂತ ಹೆಚ್ಚು ನೀರು ಹಿಡಿಯುವುದರಿಂದ ನೀರಿನ ಭಾರವೇ ಐದು ಟನ್ ಆಗುತ್ತದೆ. ಮಹಡಿಯ ಮೇಲೆ ಇದನ್ನು ಯೋಚಿಸಲೇಬಾರದು, ನೆಲಮಟ್ಟದಲ್ಲಿ ಸಿಮೆಂಟಿನ ತೊಟ್ಟಿಯೇ ಆಗಬೇಕು. ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕುವ ಮೀನು ಇದಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಮೇವಿನ ವಿಷಯದಲ್ಲಿ, ಕೋಳಿಯ ಪಿತ್ತಜನಕಾಂಗವನ್ನು ಇಂದೇ ನಿಲ್ಲಿಸಿರಿ. ಕೋಳಿ, ಕುರಿಯ ಮಾಂಸದ ಕೊಬ್ಬು ಮೀನಿನ ದೇಹಕ್ಕೆ ಸರಿಯಾಗಿ ಒಗ್ಗುವುದಿಲ್ಲ, ಅದು ಒಳಾಂಗಗಳಲ್ಲಿ ಕೂಡಿಕೊಳ್ಳುತ್ತದೆ. ನೀರಿನಲ್ಲಿ ಮುಳುಗುವ ದೊಡ್ಡ ಪೆಲೆಟ್ (ಗುಳಿಗೆ ರೂಪದ ಮೇವು), ಜಿಲೇಬಿ (ತಿಲಾಪಿಯಾ) ಮೀನಿನ ತುಂಡು, ಆಗೊಮ್ಮೆ ಈಗೊಮ್ಮೆ ಸಿಪ್ಪೆ ಸಹಿತ ಸಿಗಡಿ ಕೊಟ್ಟರೆ ಸಾಕು. ಈಗಿನ ಗಾತ್ರಕ್ಕೆ ವಾರಕ್ಕೆ ಎರಡು-ಮೂರು ಬಾರಿ, ಬೆಳೆದ ಮೇಲೆ ವಾರಕ್ಕೊಮ್ಮೆ ಕೊಡಬೇಕು. ಜೀವಂತ ಗೋಲ್ಡ್‌ಫಿಶ್ ಹಾಕುವ ರೂಢಿ ಕೆಲವರಲ್ಲಿದೆ, ಅದು ಬೇಡ. ಗೋಲ್ಡ್‌ಫಿಶ್ ಮತ್ತು ಕಾರ್ಪ್ ಜಾತಿಯ ಮೀನುಗಳಲ್ಲಿ ಬಿ-1 ಜೀವಸತ್ವವನ್ನು ಒಡೆಯುವ ಕಿಣ್ವವಿರುತ್ತದೆ, ಸಾಲದ್ದಕ್ಕೆ ಅಂಗಡಿಯ ರೋಗಗಳೂ ಅವುಗಳ ಜೊತೆಗೇ ಬರುತ್ತವೆ. ಬಾಯಿಗೆ ಹಿಡಿಯುವ ಬೆಣಚುಕಲ್ಲು, ಪ್ಲಾಸ್ಟಿಕ್ ಗಿಡ, ಪೈಪಿನ ರಬ್ಬರು ಬಿರಡೆ ಇವೆಲ್ಲವನ್ನೂ ತೆಗೆಯಿರಿ, ಈ ಮೀನು ಅವನ್ನೂ ನುಂಗುತ್ತದೆ. ಬೇರೆ ಮೀನನ್ನು ಜೊತೆಗೆ ಬಿಡುವ ಯೋಚನೆ ಸದ್ಯಕ್ಕೆ ಬೇಡ.

ಕಾರಂಜಾ_ಬೀದರ

ಯಾದಗಿರಿ ಅಣ್ಣಾವರು ಹೇಳಿದ್ದನ್ನು ನಾನು ಮತ್ತೆ ಹೇಳುವುದಿಲ್ಲ. ಅಕ್ಕಾವರೇ, ಮೇವು ಬಿಟ್ಟು ಕಿವಿರು ಬೇಗ ಆಡಿಸುತ್ತಿದೆ ಎಂದಿರಲ್ಲ, ಅದು ತಡಮಾಡುವ ವಿಷಯವಲ್ಲ. ಇಂದೇ ಒಂದು ಟೆಸ್ಟ್ ಕಿಟ್ ತರಿಸಿ ನೀರಿನ ಪಿಎಚ್ (ಹುಳಿ-ಕ್ಷಾರ ಗುಣದ ಅಳತೆ), ಅಮೋನಿಯಾ, ನೈಟ್ರೈಟ್ ಮೂರನ್ನೂ ನೋಡಿರಿ, ಉಷ್ಣಾಂಶವನ್ನು ಮಧ್ಯಾಹ್ನ ಮೂರು ಗಂಟೆಗೆ ಅಳೆಯಿರಿ.

ಪರ್ಸಿ ತುಂಡುಗಳ ಬಗ್ಗೆ ನನಗೆ ಸಂಶಯವಿದೆ. ಶಹಾಬಾದ, ಚಿತ್ತಾಪುರ, ಸೇಡಂ ಭಾಗದ ಹಾಸುಗಲ್ಲು ಸುಣ್ಣದ ಕಲ್ಲು, ಆ ಭಾಗದಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದಿರುವುದೂ ಅದೇ ಕಾರಣಕ್ಕೆ. ಒಂದು ತುಂಡನ್ನು ಹೊರಗೆ ತೆಗೆದು ಒರೆಸಿ, ಅದರ ಮೇಲೆ ಗಟ್ಟಿ ವಿನೆಗರ್ ಅಥವಾ ನಿಂಬೆಹಣ್ಣಿನ ರಸ ನಾಲ್ಕು ಹನಿ ಹಾಕಿ ಕಣ್ಣು ಹತ್ತಿರ ತಂದು ನೋಡಿರಿ. ಸಣ್ಣ ಗುಳ್ಳೆಗಳು ಎದ್ದರೆ ಆ ಕಲ್ಲು ನೀರಿನಲ್ಲಿ ನಿಧಾನವಾಗಿ ಕರಗುವ ಜಾತಿಯದು, ನೀರಿನ ಗಡಸುತನವನ್ನೂ ಪಿಎಚ್ಚನ್ನೂ ಏರಿಸುತ್ತದೆ. ನಿಮ್ಮ ಬೋರ್‌ವೆಲ್ ನೀರೇ ಗಡಸಾಗಿದ್ದರೆ ಅದಕ್ಕೆ ಇದೂ ಸೇರಿದಂತಾಯಿತು.

ಗಡಸು ನೀರಿನಿಂದಲೇ ಈ ಮೀನು ಸಾಯುವುದಿಲ್ಲ. ತವರಿನಲ್ಲಿ ಅದು ಮೃದುವಾದ, ಸ್ವಲ್ಪ ಹುಳಿ ಗುಣದ ನೀರಿನಲ್ಲಿದ್ದರೂ ಪಿಎಚ್ 7.5ರವರೆಗೆ ತೊಂದರೆಯಿಲ್ಲದೆ, ಸ್ಥಿರವಾಗಿದ್ದರೆ ಅದಕ್ಕೂ ಸ್ವಲ್ಪ ಮೇಲೆ, ಹೊಂದಿಕೊಳ್ಳುತ್ತದೆ. ಅಪಾಯ ಇರುವುದು ಅಮೋನಿಯಾದಲ್ಲಿ. ಮೀನಿನ ಮಲ ಮತ್ತು ಕಿವಿರಿನಿಂದ ಬರುವ ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ, ಒಂದು ಹೆಚ್ಚು ತೊಂದರೆ ಕೊಡದ ಅಮೋನಿಯಂ, ಇನ್ನೊಂದು ಕಿವಿರನ್ನು ಸುಡುವ ಮುಕ್ತ ಅಮೋನಿಯಾ. ಪಿಎಚ್ 7 ಇದ್ದು ನೀರು 25 ಡಿಗ್ರಿ ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷದ ಪಾಲು ಶೇ. 1ಕ್ಕಿಂತ ಕಡಿಮೆ. ಅದೇ ಪಿಎಚ್ 8 ಇದ್ದು ನೀರು 30 ಡಿಗ್ರಿಗೆ ಏರಿದರೆ ಆ ಪಾಲು ಶೇ. 7 ದಾಟುತ್ತದೆ. ಹೀಗಾಗಿ ತಂಪು, ಮೃದು ನೀರಿನ ಊರುಗಳಲ್ಲಿ ಕುಳಿತು ಬರೆದವರು ‘ಸ್ವಲ್ಪ ಅಮೋನಿಯಾ ಇದ್ದರೆ ನಡೆಯುತ್ತದೆ’ ಎಂದರೆ ಅದನ್ನು ನಮ್ಮ ಕಡೆ ನಂಬಿ ಕೂರಬಾರದು. ಜೊತೆಗೆ ಬಿಸಿ ನೀರು ಆಮ್ಲಜನಕವನ್ನೂ ಕಡಿಮೆ ಹಿಡಿಯುತ್ತದೆ, 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಕರಗಬಹುದಾದರೆ 35 ಡಿಗ್ರಿಯಲ್ಲಿ ಅದು 7ಕ್ಕೆ ಇಳಿಯುತ್ತದೆ. ಬಿಸಿಯಲ್ಲಿ ಮೀನಿಗೆ ಬೇಕಾಗುವ ಆಮ್ಲಜನಕ ಮಾತ್ರ ಹೆಚ್ಚುತ್ತದೆ.

ಬೆಣ್ಣೆತೊರೆ_ಕಲಬುರಗಿ

ಇಬ್ಬರಿಗೂ ಧನ್ಯವಾದಗಳು. ಕಿಟ್ ತರಿಸಿ ನೋಡಿದೆ. ಪಿಎಚ್ 8.2, ಅಮೋನಿಯಾ 1, ನೈಟ್ರೈಟ್ ತುಸು ಕಾಣುತ್ತದೆ, ಮಧ್ಯಾಹ್ನದ ಉಷ್ಣಾಂಶ 31 ಡಿಗ್ರಿ ಇದೆ. ನಿಂಬೆರಸ ಹಾಕಿದಾಗ ಪರ್ಸಿಯ ಮೇಲೆ ಗುಳ್ಳೆಗಳು ಸಾಲಾಗಿ ಎದ್ದವು. ಕಲ್ಲುಗಳನ್ನೆಲ್ಲ ತೆಗೆದಿದ್ದೇನೆ. ಫಿಲ್ಟರಿನ ಸ್ಪಂಜು ಕಪ್ಪಾಗಿದೆ, ಅದನ್ನು ನಲ್ಲಿಯ ಕೆಳಗೆ ತೊಳೆಯಬಹುದೇ?

ಕಾರಂಜಾ_ಬೀದರ

ದಯವಿಟ್ಟು ನಲ್ಲಿಯ ಕೆಳಗೆ ತೊಳೆಯಬೇಡಿರಿ. ಅಮೋನಿಯಾವನ್ನು ನೈಟ್ರೈಟಿಗೂ, ನೈಟ್ರೈಟನ್ನು ನೈಟ್ರೇಟಿಗೂ ಬದಲಿಸುವ ಬ್ಯಾಕ್ಟೀರಿಯಾ ಆ ಸ್ಪಂಜಿನಲ್ಲೇ ನೆಲೆಸಿರುತ್ತವೆ, ನಗರದ ನಲ್ಲಿನೀರಿನ ಕ್ಲೋರಿನ್ ತಾಗಿದರೆ ಅವು ಸಾಯುತ್ತವೆ. ತೊಟ್ಟಿಯಿಂದಲೇ ತೆಗೆದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಅದರಲ್ಲಿ ಮೆಲ್ಲಗೆ ಹಿಂಡಿ ಮತ್ತೆ ಹಾಕಿರಿ.

ನಿಮ್ಮ ಅಂಕಿಗಳನ್ನು ಲೆಕ್ಕಹಾಕಿದರೆ ಒಟ್ಟು ಅಮೋನಿಯಾದಲ್ಲಿ ಸುಮಾರು ಶೇ. 12ರಷ್ಟು ವಿಷರೂಪದಲ್ಲಿದೆ. ಮೀನು ಕಿವಿರು ಬೇಗ ಆಡಿಸುತ್ತಿರುವುದಕ್ಕೆ ಅದೇ ಕಾರಣವಿರಬೇಕು. ಇಂದೇ ಅರ್ಧ ನೀರು ಬದಲಿಸಿರಿ, ನಾಳೆ ಮತ್ತೆ ಅರ್ಧ ಬದಲಿಸಿರಿ, ಅಮೋನಿಯಾ ಸೊನ್ನೆಗೆ ಬರುವವರೆಗೆ ಮೇವು ಪೂರ್ತಿ ನಿಲ್ಲಿಸಿರಿ. ಈ ಮೀನಿಗೆ ಉಪವಾಸ ಶಿಕ್ಷೆಯಲ್ಲ. ಹೊಸ ನೀರನ್ನು ಬೆಳಗಿನ ಜಾವದಲ್ಲೇ ತುಂಬಿಸಿರಿ, ಮಧ್ಯಾಹ್ನದ ಹೊತ್ತು ಮಾಳಿಗೆಯ ಮೇಲಿನ ಕಪ್ಪು ಟ್ಯಾಂಕಿನಿಂದ ಬರುವ ನೀರು ಕೈ ಇಡಲಾಗದಷ್ಟು ಕಾದಿರುತ್ತದೆ. ನಲ್ಲಿಯ ನೀರು ಬಳಸುವುದಾದರೆ ಕ್ಲೋರಿನ್ ತೆಗೆಯುವ ಹೈಪೋ (ಸೋಡಿಯಂ ಥಯೋಸಲ್ಫೇಟ್) ದ್ರಾವಣ ಹಾಕುವುದು ಕಡ್ಡಾಯ.

ಬಿಸಿ ಇಳಿಸಲು ಮುಚ್ಚಳದ ಜಾಗಕ್ಕೆ ಬಲೆ ಬಿಗಿದು, ಟೇಬಲ್ ಫ್ಯಾನಿನ ಗಾಳಿ ನೀರಿನ ಮೇಲ್ಮೈಗೆ ಓರೆಯಾಗಿ ಬೀಳುವಂತೆ ಇಡಿರಿ. ಕರಾವಳಿಯ ಜಿಗುಟು ಹವೆಯಲ್ಲಿ ಇದರಿಂದ ಹೆಚ್ಚು ಪ್ರಯೋಜನವಿಲ್ಲ. ನಮ್ಮ ಕಲಬುರಗಿ-ಬೀದರ ಕಡೆಯ ಏಪ್ರಿಲ್-ಮೇ ತಿಂಗಳ ಒಣಗಾಳಿಯಲ್ಲಿ ನೀರು ಬೇಗ ಆವಿಯಾಗುವುದರಿಂದ ಎರಡು-ಮೂರು ಡಿಗ್ರಿ ನಿಶ್ಚಿತವಾಗಿ ಇಳಿಯುತ್ತದೆ. ಒಂದು ಎಚ್ಚರಿಕೆಯಿದೆ: ಆವಿಯಾಗುವುದು ಬರೀ ನೀರು, ಲವಣ ಅಲ್ಲೇ ಉಳಿಯುತ್ತದೆ. ಕಡಿಮೆಯಾದಷ್ಟನ್ನೇ ದಿನಾಲೂ ಬೋರ್‌ವೆಲ್ ನೀರಿನಿಂದ ತುಂಬುತ್ತಾ ಹೋದರೆ ತಿಂಗಳೊಪ್ಪತ್ತಿನಲ್ಲಿ ನೀರು ಇನ್ನಷ್ಟು ಗಡಸಾಗುತ್ತದೆ. ತುಂಬುವುದಕ್ಕೆ ಆರ್‌ಒ ನೀರನ್ನೋ ಹಿಡಿದಿಟ್ಟ ಮಳೆನೀರನ್ನೋ ಬಳಸಿ, ಅದರ ಜೊತೆಗೆ ವಾರಕ್ಕೊಮ್ಮೆ ಮೂರರಲ್ಲೊಂದು ಭಾಗ ನೀರನ್ನು ಬದಲಿಸುತ್ತಿರಿ.

ಬ್ಯಾಟರಿಯಿಂದ ನಡೆಯುವ ಏರ್ ಪಂಪ್ ಒಂದು ಮನೆಯಲ್ಲಿರಲಿ. ಕರೆಂಟ್ ಹೋಗಿ ಕೆಲವು ತಾಸು ಫಿಲ್ಟರ್ ನಿಂತರೆ ಸ್ಪಂಜಿನೊಳಗಿನ ಬ್ಯಾಕ್ಟೀರಿಯಾ ಉಸಿರುಕಟ್ಟಿ ಸಾಯತೊಡಗುತ್ತವೆ, ಕರೆಂಟ್ ಬಂದ ಕೂಡಲೇ ಆ ಕೊಳೆತ ನೀರು ತೊಟ್ಟಿಗೆ ಬರುತ್ತದೆ. ಅಂಥ ಸಂದರ್ಭದಲ್ಲಿ ಫಿಲ್ಟರಿನಲ್ಲಿ ನಿಂತ ನೀರನ್ನು ಚೆಲ್ಲಿದ ಮೇಲೆಯೇ ಅದನ್ನು ಶುರು ಮಾಡಬೇಕು. ಡಿಸೆಂಬರ್-ಜನವರಿಯ ಚಳಿಗೆ ಹೀಟರ್ ಬೇಕಾಗುತ್ತದೆ, ಅದಕ್ಕೆ ರಂಧ್ರಗಳಿರುವ ಗಟ್ಟಿ ಕವಚ ಇರಲೇಬೇಕು. ಈ ಮೀನಿಗೆ ಹುರುಪೆಯಿಲ್ಲ, ಬರೀ ಚರ್ಮ. ಬಿಸಿ ಹೀಟರಿಗೆ ಮೈ ತಾಗಿಸಿಕೊಂಡು ಮಲಗಿದರೆ ಸುಟ್ಟುಕೊಳ್ಳುತ್ತದೆ, ಬಾಲ ಬೀಸಿದರೆ ಗಾಜಿನ ಹೀಟರ್ ಒಡೆಯುತ್ತದೆ. ಹುರುಪೆ ಇಲ್ಲದ ಕಾರಣಕ್ಕೇ ತಾಮ್ರ ಬೆರೆತ ಔಷಧಗಳನ್ನು ಇದಕ್ಕೆ ಹಾಕಬಾರದು.

ಶಹಾಪುರ_ಕೆರೆಬಯಲು

ನದಿಗೆ ಬಿಡುವ ಮಾತಿಗೆ ಉತ್ತರ ಬರದೆ ಉಳಿದಿದೆ, ಅದಕ್ಕಾಗಿ ಬರೆಯುತ್ತಿದ್ದೇನೆ. ಅಕ್ಕಾವರೇ, ಗಾಣಗಾಪುರದ ಸಂಗಮದಲ್ಲಾಗಲಿ ಅಪ್ಪನ ಕೆರೆಯಲ್ಲಾಗಲಿ ಇದನ್ನು ಬಿಡಬಾರದು. ಹಿರಿಯರ ಮನಸ್ಸು ದೊಡ್ಡದು. ಅವರಿಗೆ ನೀವು ಹೇಳಬೇಕಾದದ್ದು ಇಷ್ಟೇ: ಇದು ನಮ್ಮ ಹೊಳೆಯ ಮೀನಲ್ಲ, ಇದನ್ನು ಬಿಟ್ಟರೆ ನಮ್ಮ ಹೊಳೆಯ ಮೀನುಗಳೇ ಇದರ ಹೊಟ್ಟೆಗೆ ಹೋಗುತ್ತವೆ.

ಭೀಮಾ ಮತ್ತು ಕೃಷ್ಣೆಯಲ್ಲಿ ನಮ್ಮದೇ ಆದ ದೊಡ್ಡ ಮೀಸೆಮೀನು ಇದೆ, ಬಾಳೆಮೀನು. ಶಾಸ್ತ್ರೀಯವಾಗಿ ವಾಲಗೊ ಅಟ್ಟು. ಬಾಯಿಯ ಸೀಳು ಕಣ್ಣನ್ನೂ ದಾಟಿ ಹಿಂದಕ್ಕೆ ಹೋಗಿರುತ್ತದೆ, ಹೊಟ್ಟೆಯ ಕೆಳಗಿನ ರೆಕ್ಕೆ ಬಾಲದವರೆಗೂ ಉದ್ದಕ್ಕೆ ಸಾಗುತ್ತದೆ, ಮೈ ಚಪ್ಪಟೆಯಾಗಿ ಬೆಳ್ಳಗೆ ಹೊಳೆಯುತ್ತದೆ. ಮಳೆಗಾಲದ ಹೊಸ ನೀರಿಗೆ ಮೊಟ್ಟೆ ಇಡಲು ಇದು ಬಯಲಿನ ಆಳವಿಲ್ಲದ ನೀರಿಗೆ ಏರಿ ಬರುತ್ತದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯಲ್ಲಿ ಇಂದು ಇದು ಅಪಾಯಕ್ಕೀಡಾಗಬಲ್ಲ ಪ್ರಭೇದವೆಂದು ಸೇರಿದೆ. ಬೇಸಿಗೆಯಲ್ಲಿ ಭೀಮೆ ಹಲವೆಡೆ ಬರೀ ಮಡುಗಳಾಗಿ ಒಡೆದುಹೋದಾಗ ಹೊಳೆಯ ಜೀವವೆಲ್ಲ ಆ ಮಡುಗಳಲ್ಲೇ ಉಳಿದಿರುತ್ತದೆ. ಅಂಥ ಒಂದು ಮಡುವಿನಲ್ಲಿ ಒಂದೇ ಒಂದು ಕೆಂಪುಬಾಲದ ಮೀನು ಸೇರಿಕೊಂಡರೆ ಮಳೆ ಬರುವ ಹೊತ್ತಿಗೆ ಅಲ್ಲಿ ಏನು ಉಳಿದೀತು ಎಂಬುದನ್ನು ನೀವೇ ಯೋಚಿಸಿರಿ.

ಹೊರಗಿನ ಮೀನು ಹೊಳೆ ಸೇರಿದರೆ ಏನಾಗುತ್ತದೆ ಎಂಬುದು ಕಲ್ಪನೆಯ ಮಾತಲ್ಲ. ಗಾಜಿನ ತೊಟ್ಟಿಯ ಪಾಚಿ ತಿನ್ನಲೆಂದು ದಕ್ಷಿಣ ಅಮೆರಿಕದಿಂದ ಬಂದ ಸಕ್ಕರ್ ಮೀನು ಇಂದು ತೆಲುಗು ಸೀಮೆಯ ಕೃಷ್ಣಾ ನದಿಯಲ್ಲಿ ಬೆಸ್ತರ ಬಲೆಗೆ ಸಿಗುತ್ತಿದೆ, ಅದರ ಮುಳ್ಳಿಗೆ ಬಲೆಗಳು ಹರಿಯುತ್ತಿವೆ. 2018ರ ನೆರೆಯ ನಂತರ ಕೇರಳದ ನದಿಗಳಲ್ಲಿ ಅಮೆಜಾನಿನ ಅರಪೈಮಾ ಸಿಕ್ಕಿತು.

ಆ ನೆರೆಯ ಮಾತು ನಿಮ್ಮ ಸೋದರಮಾವನವರ ಕೃಷಿಹೊಂಡಕ್ಕೂ ಅನ್ವಯಿಸುತ್ತದೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹೊಲಗದ್ದೆಗಳ ಮೇಲೆ ಹರಿದದ್ದನ್ನು ನಾವೆಲ್ಲ ಕಂಡಿದ್ದೇವೆ. ಅಂಥ ನೀರು ಬಂದರೆ ಹೊಂಡದ ಮೀನು ಹೊಳೆಯ ಮೀನಾಗುತ್ತದೆ. ಅದಲ್ಲದೆ ಕರಿಮಣ್ಣಿನ ನೆಲದ ಕೃಷಿಹೊಂಡ ಬೆಳೆಗೆ ನೀರು ಎತ್ತಿದ ಹಾಗೆಲ್ಲ ತಗ್ಗುತ್ತದೆ, ಮೇ ತಿಂಗಳಲ್ಲಿ ತಳ ಕಾಣುತ್ತದೆ, ಉಳಿದಷ್ಟು ನೀರು ಹಸಿರುಗಟ್ಟಿ ಬೆಳಗಿನ ಜಾವಕ್ಕೆ ಆಮ್ಲಜನಕವಿಲ್ಲದಂತಾಗುತ್ತದೆ.

ಹೊಲದಲ್ಲಿ ಹೊಳೆಯ ನೆರೆ ಮುಟ್ಟದ ಎತ್ತರದ ಜಾಗವೂ ಕರೆಂಟಿನ ಸೌಕರ್ಯವೂ ಇದ್ದರೆ, ಸಾಕಲೇಬೇಕೆಂಬ ಮನಸ್ಸೂ ನಿಮಗಿದ್ದರೆ, ಅಲ್ಲಿ ಯಾದಗಿರಿ ಅಣ್ಣಾವರು ಹೇಳಿದ ಅಳತೆಯ ಸಿಮೆಂಟ್ ತೊಟ್ಟಿ ಕಟ್ಟಿಸಿ ನೆರಳಿಗೆ ತಗಡೋ ಹಸಿರು ಬಲೆಯೋ ಹಾಕಿಸಿರಿ. ಹೊಸ ಸಿಮೆಂಟು ಸುಣ್ಣ ಬಿಡುತ್ತದೆ, ಆದ್ದರಿಂದ ನೀರು ತುಂಬಿಸಿ ಕೆಲವು ದಿನ ಬಿಟ್ಟು ಚೆಲ್ಲುವುದನ್ನು ಪಿಎಚ್ ಇಳಿದು ನಿಲ್ಲುವವರೆಗೂ ಮತ್ತೆ ಮತ್ತೆ ಮಾಡಬೇಕು. ತುಂಬಿ ಹೊರಗೆ ಹೋಗುವ ಪೈಪಿಗೆ ಜಾಲರಿ ಹಾಕಿಸಿರಿ. ಗಂಟೆಗೆ ತೊಟ್ಟಿಯ ನೀರೆಲ್ಲ ಮೂರು-ನಾಲ್ಕು ಬಾರಿ ಫಿಲ್ಟರ್ ಹಾಯುವಷ್ಟು ಶಕ್ತಿಯ ಪಂಪು ಬೇಕು, ಅದರ ಕರೆಂಟಿನ ಖರ್ಚನ್ನೂ ಮೊದಲೇ ಲೆಕ್ಕ ಹಾಕಿಕೊಳ್ಳಿರಿ. ಇಷ್ಟು ಆಗದು ಎನಿಸಿದರೆ ಇಂಥ ತೊಟ್ಟಿ ಈಗಾಗಲೇ ಇರುವವರಿಗೆ ಒಪ್ಪಿಸಿರಿ. ಸಾರ್ವಜನಿಕ ಮತ್ಸ್ಯಾಲಯಗಳನ್ನು ಕೇಳಬಹುದು, ಆದರೆ ಬೆಳೆದು ದೊಡ್ಡದಾದ ಮೇಲೆ ಈ ಮೀನನ್ನು ಕೊಡಲು ಬರುವವರು ಎಲ್ಲ ಕಡೆ ಬಹಳ ಇರುವುದರಿಂದ ಅವರು ಒಪ್ಪದಿರುವುದೇ ಹೆಚ್ಚು. ಒಂದೂವರೆ ಗೇಣು ಇರುವಾಗ ಜಾಗ ಹುಡುಕುವುದು ಸುಲಭ, ಮೂರು ಅಡಿಯಾದ ಮೇಲೆ ಸಾಗಿಸುವುದೇ ಕಷ್ಟವಾಗುತ್ತದೆ.

ಸಾಗಿಸುವಾಗ ಕೈಬಲೆಯಿಂದ ಎತ್ತಬೇಡಿರಿ. ಎದೆರೆಕ್ಕೆಯ ಮುಂದಿನ ಮುಳ್ಳು ಬಲೆಗೆ ಸಿಕ್ಕಿದರೆ ಬಿಡಿಸುವಷ್ಟರಲ್ಲಿ ರೆಕ್ಕೆಯ ಬುಡ ಹರಿಯುತ್ತದೆ, ಮುಳ್ಳು ಚುಚ್ಚಿದರೆ ಕೈಯೂ ಬಾಯುತ್ತದೆ. ಎರಡು ದಿನ ಮೇವು ನಿಲ್ಲಿಸಿ, ಮುಚ್ಚಳವಿರುವ ಅಗಲವಾದ ಪ್ಲಾಸ್ಟಿಕ್ ಡಬ್ಬಿಯನ್ನು ತೊಟ್ಟಿಯೊಳಗೇ ಮುಳುಗಿಸಿ, ಮೀನನ್ನು ಮೆಲ್ಲಗೆ ಅದರೊಳಕ್ಕೆ ದೂಡಿ ನೀರಿನ ಸಹಿತವೇ ಎತ್ತಿರಿ. ಬ್ಯಾಟರಿ ಏರ್ ಪಂಪಿನ ನಳಿಕೆಯನ್ನು ಡಬ್ಬಿಗೆ ಇಳಿಸಿ, ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಬಿಸಿಲೇರುವ ಮೊದಲೇ ಮನೆಯಿಂದ ಹೊರಡಿರಿ.